ಒಲೆಂಬೆ ಕ್ರೀಡಾಂಗಣ: ಒಂದು ಆಸನಕ್ಕೆ 27 ಲಕ್ಷ ಫ್ರಾಂಕ್, ವರ್ಷಕ್ಕೆ ಎಷ್ಟು ದಿನ?

ಕ್ಯಾಮರೂನಿನ ರಾಜಧಾನಿ ಯಾವುಂಡೆಯ ಉತ್ತರ ಅಂಚಿನಲ್ಲಿರುವ ಒಲೆಂಬೆ ಕ್ರೀಡಾಂಗಣದಲ್ಲಿ 60,000 ಆಸನಗಳಿವೆ. 2015ರ ಕೊನೆಗೆ ಇಟಲಿಯ ಪಿಚಿನಿ ಸಂಸ್ಥೆಗೆ ಕೊಟ್ಟ ಗುತ್ತಿಗೆಯ ಮೊತ್ತ 16,300 ಕೋಟಿ ಸಿಎಫ್‌ಎ ಫ್ರಾಂಕ್. ಭಾಗಿಸಿದರೆ ಒಂದು ಆಸನಕ್ಕೆ 27.17 ಲಕ್ಷ ಫ್ರಾಂಕ್. ಕ್ರೀಡಾಂಗಣಗಳ ವೆಚ್ಚದ ಚರ್ಚೆ ಸಾಮಾನ್ಯವಾಗಿ ಈ ಭಾಗಾಕಾರದಿಂದ ಶುರುವಾಗಿ ಇಲ್ಲೇ ಮುಗಿಯುತ್ತದೆ. ಛೇದದಲ್ಲಿ ಆಸನದ ಜಾಗಕ್ಕೆ ಬಳಕೆಯ ದಿನವನ್ನು ತಂದರೆ ಏನಾಗುತ್ತದೆ ಎಂಬುದನ್ನು ಈ ವರದಿ ನೋಡುತ್ತದೆ. ಹೋಲಿಕೆಗೆ ಡಾಕರ್, ಅಬುಜಾ, ಕಿಗಾಲಿ ಮತ್ತು ನೈರೋಬಿ, ಅಂದರೆ ಇನ್ನೂ ನಾಲ್ಕು ಆಫ್ರಿಕನ್ ರಾಜಧಾನಿಗಳ ಲೆಕ್ಕವಿದೆ.

ಮೊದಲು ಕರೆನ್ಸಿ. ಸಿಎಫ್‌ಎ ಫ್ರಾಂಕ್ ಎರಡಿವೆ: ಕ್ಯಾಮರೂನ್ ಸೇರಿದ ಮಧ್ಯ ಆಫ್ರಿಕಾದ ದೇಶಗಳದ್ದು ಒಂದು, ಸೆನೆಗಲ್ ಸೇರಿದ ಪಶ್ಚಿಮ ಆಫ್ರಿಕಾದ ದೇಶಗಳದ್ದು ಇನ್ನೊಂದು. ಎರಡಕ್ಕೂ ಯೂರೋ ಜೊತೆ ಸ್ಥಿರ ವಿನಿಮಯ ದರವಿದೆ; ಒಂದು ಯೂರೋಗೆ 655.957 ಫ್ರಾಂಕ್. ಆದ್ದರಿಂದ ಯಾವುಂಡೆ ಮತ್ತು ಡಾಕರ್ ನಡುವಿನ ಹೋಲಿಕೆಯಲ್ಲಿ ವಿನಿಮಯ ದರದ ಏರಿಳಿತ ಅಡ್ಡ ಬರುವುದಿಲ್ಲ. ರೂಪಾಯಿ ಲೆಕ್ಕಕ್ಕೆ ಯೂರೋಗೆ 90, ಡಾಲರ್‌ಗೆ 85 ರೂಪಾಯಿಯ ದರ ಹಿಡಿದಿದೆ. ಈ ಪ್ರಕಾರ 16,300 ಕೋಟಿ ಫ್ರಾಂಕ್ ಎಂದರೆ 24.85 ಕೋಟಿ ಯೂರೋ, ಸುಮಾರು 2,236 ಕೋಟಿ ರೂಪಾಯಿ. ಆಸನವೊಂದಕ್ಕೆ 3.73 ಲಕ್ಷ ರೂಪಾಯಿ.

ಕ್ಯಾಮರೂನಿನ 2016ರ ಸರ್ಕಾರಿ ಬಜೆಟ್ 4,23,470 ಕೋಟಿ ಫ್ರಾಂಕ್. ಒಲೆಂಬೆಯ ಗುತ್ತಿಗೆ ಮೊತ್ತ ಅದರ ಶೇ 3.85. ಗುತ್ತಿಗೆಯ ಹಣ ಇಟಲಿಯ ಬ್ಯಾಂಕಿನ ಸಾಲವಾಗಿ ಬಂದಿದ್ದರಿಂದ ಇಷ್ಟೂ ಹಣ ಆ ಒಂದು ವರ್ಷದ ಬೊಕ್ಕಸದಿಂದ ಹೋಗಲಿಲ್ಲ. ಆದರೂ ಬೊಕ್ಕಸದ ಹೋಲಿಕೆಯಲ್ಲಿ ಯೋಜನೆಯ ಗಾತ್ರ ಈ ಅನುಪಾತದಿಂದ ತಿಳಿಯುತ್ತದೆ.

ಎರಡು ಗುತ್ತಿಗೆಗಳು

ಈ ಮೊತ್ತ ಫುಟ್‌ಬಾಲ್ ಮೈದಾನಕ್ಕಷ್ಟೇ ಸೇರಿದ್ದಲ್ಲ. ಯೋಜನೆ ಒಂದು ಬಹುಬಳಕೆಯ ಸಂಕೀರ್ಣದ್ದು. ಬಹುಬಳಕೆ ಎಂದರೆ ಒಂದೇ ಆವರಣದಲ್ಲಿ ಪಂದ್ಯದ ದಿನದ ಕಟ್ಟಡವೂ ಉಳಿದ ದಿನಗಳಲ್ಲಿ ಹಣ ತರುವ ಕಟ್ಟಡಗಳೂ ಇರುವ ವ್ಯವಸ್ಥೆ. ಒಲೆಂಬೆಯ ನಕ್ಷೆಯಲ್ಲಿ ಮುಖ್ಯ ಕ್ರೀಡಾಂಗಣದ ಜೊತೆ ಅಭ್ಯಾಸ ಮೈದಾನಗಳು, ಒಳಾಂಗಣ ಕ್ರೀಡಾಂಗಣ, ಈಜುಕೊಳ, ಹೋಟೆಲ್, ವಾಣಿಜ್ಯ ಸಂಕೀರ್ಣ, ಸಿನಿಮಾ ಮಂದಿರ ಇದ್ದವು. ಹಾಗಾಗಿ 27.17 ಲಕ್ಷ ಫ್ರಾಂಕ್ ಎಂಬುದು ಆಸನದ ನಿಜ ಬೆಲೆಗಿಂತ ಹೆಚ್ಚು. ಹೋಟೆಲ್ ಮತ್ತು ಈಜುಕೊಳದ ಪಾಲನ್ನು ಕಳೆದ ಮೇಲೆ ಉಳಿಯುವುದೇ ಆಸನದ ಬೆಲೆ.

2019ರ ನವೆಂಬರ್‌ನಲ್ಲಿ ಸರ್ಕಾರ ಪಿಚಿನಿಯ ಗುತ್ತಿಗೆಯನ್ನು ರದ್ದು ಮಾಡಿತು. ಉಳಿದ ಕೆಲಸ ಕೆನಡಾದ ಮಾಗಿಲ್ ಸಂಸ್ಥೆಗೆ ಹೋಯಿತು, ಮೊತ್ತ 5,500 ಕೋಟಿ ಫ್ರಾಂಕ್, ಅಂದರೆ ಸುಮಾರು 755 ಕೋಟಿ ರೂಪಾಯಿ. ಇದು ಮೊದಲ ಗುತ್ತಿಗೆಯ ಶೇ 33.7. ಎರಡನ್ನೂ ಕೂಡಿಸಿ 21,800 ಕೋಟಿ ಎನ್ನುವವರಿದ್ದಾರೆ. ಆ ಕೂಡಿಕೆ ಸರಿಯಲ್ಲ: ರದ್ದಾದ ಗುತ್ತಿಗೆಯಲ್ಲಿ ಪಾವತಿಯಾಗದೆ ಉಳಿದ ಭಾಗವನ್ನು ಕಳೆಯಬೇಕು. ಆದ್ದರಿಂದ 21,800 ಕೋಟಿಯನ್ನು ಗರಿಷ್ಠ ಮಿತಿ ಎಂದಷ್ಟೇ ಇಟ್ಟುಕೊಳ್ಳಬಹುದು. ಆ ಮಿತಿಯಲ್ಲಿ ಆಸನವೊಂದಕ್ಕೆ 36.33 ಲಕ್ಷ ಫ್ರಾಂಕ್, ಅಂದರೆ ಸುಮಾರು 5 ಲಕ್ಷ ರೂಪಾಯಿ.

ಒಲೆಂಬೆಯ ಕೆಲಸದ ವಿಳಂಬಕ್ಕೆ ಗುತ್ತಿಗೆದಾರರನ್ನಷ್ಟೇ ದೂರಿದರೆ ಲೆಕ್ಕ ಪೂರ್ತಿಯಾಗದು. 2014ರ ಸೆಪ್ಟೆಂಬರ್‌ನಲ್ಲಿ ಕ್ಯಾಮರೂನಿಗೆ 2019ರ ಆಫ್ರಿಕಾ ಕಪ್ ಆತಿಥ್ಯ ಸಿಕ್ಕಾಗ ಟೂರ್ನಿಯಲ್ಲಿದ್ದದ್ದು 16 ತಂಡ, 32 ಪಂದ್ಯ. ಬೇಕಿದ್ದದ್ದು 4 ಕ್ರೀಡಾಂಗಣ. 2017ರ ಜುಲೈಯಲ್ಲಿ ಆಫ್ರಿಕನ್ ಫುಟ್‌ಬಾಲ್ ಒಕ್ಕೂಟ, ಅಂದರೆ ಸಿಎಎಫ್, ತಂಡಗಳ ಸಂಖ್ಯೆಯನ್ನು 24ಕ್ಕೆ ಏರಿಸಿತು. ತಂಡಗಳಲ್ಲಿ ಶೇ 50, ಪಂದ್ಯಗಳಲ್ಲಿ ಶೇ 62.5 ಏರಿಕೆ, ಕ್ರೀಡಾಂಗಣಗಳು 4ರಿಂದ 6ಕ್ಕೆ. ಟೂರ್ನಿಗೆ ಆಗ ಉಳಿದಿದ್ದದ್ದು ಎರಡು ವರ್ಷಕ್ಕಿಂತ ಕಡಿಮೆ. 2018ರ ನವೆಂಬರ್ 30ರಂದು ಸಿಎಎಫ್ ಆತಿಥ್ಯವನ್ನು ಹಿಂದಕ್ಕೆ ಪಡೆಯಿತು, ಟೂರ್ನಿ ಈಜಿಪ್ಟಿನ ಪಾಲಾಯಿತು. ಕ್ಯಾಮರೂನಿಗೆ 2021ರ ಆವೃತ್ತಿ ಸಿಕ್ಕಿತು. ಅದು ಕೊನೆಗೆ ನಡೆದದ್ದು 2022ರ ಜನವರಿ 9ರಿಂದ ಫೆಬ್ರುವರಿ 6ರವರೆಗೆ.

ಈ ನಡುವೆ ಇನ್ನೊಂದು ಟೂರ್ನಿ ಬಂದು ಹೋಯಿತು. ದೇಶೀಯ ಲೀಗ್‌ಗಳ ಆಟಗಾರರಿಗಷ್ಟೇ ಮೀಸಲಾದ ಆಫ್ರಿಕನ್ ಚಾಂಪಿಯನ್‌ಷಿಪ್ 2021ರ ಜನವರಿ–ಫೆಬ್ರುವರಿಯಲ್ಲಿ ಕ್ಯಾಮರೂನಿನಲ್ಲೇ ನಡೆಯಿತು. ಅದರಲ್ಲಿ ಒಲೆಂಬೆಯ ಪಾಲು ಸೊನ್ನೆ. ಫೈನಲ್ ಯಾವುಂಡೆಯಲ್ಲೇ ಆಯಿತು, ಆದರೆ 1972ರಲ್ಲಿ ಕಟ್ಟಿದ ಅಹ್ಮದು ಅಹಿಜೊ ಕ್ರೀಡಾಂಗಣದಲ್ಲಿ. ಒಲೆಂಬೆಯಲ್ಲಿ ಕ್ಯಾಮರೂನ್ ತಂಡ ಕಣಕ್ಕಿಳಿದದ್ದು 2021ರ ಸೆಪ್ಟೆಂಬರ್ 3ರಂದು, ಮಲಾವಿ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ. ಮೊದಲ ಗುತ್ತಿಗೆಯಿಂದ ಅಲ್ಲಿಗೆ ಸುಮಾರು 68 ತಿಂಗಳು.

ಅದೇ ಫ್ರಾಂಕ್, ಡಾಕರ್‌ನಲ್ಲಿ

ಸೆನೆಗಲ್‌ನ ರಾಜಧಾನಿ ಡಾಕರ್‌ನಿಂದ ಸುಮಾರು 30 ಕಿಲೋಮೀಟರ್ ದೂರದ ಡಯಾಮ್ನಿಯಾಡಿಯೊ ಹೊಸ ಪಟ್ಟಣದಲ್ಲಿ ಅಬ್ದುಲಾಯ್ ವಾದ್ ಕ್ರೀಡಾಂಗಣವಿದೆ. ಆಸನ 50,000, ವೆಚ್ಚ 15,600 ಕೋಟಿ ಫ್ರಾಂಕ್, ಅಂದರೆ 23.78 ಕೋಟಿ ಯೂರೋ ಅಥವಾ 2,140 ಕೋಟಿ ರೂಪಾಯಿ. ಆಸನವೊಂದಕ್ಕೆ 31.2 ಲಕ್ಷ ಫ್ರಾಂಕ್. ಒಲೆಂಬೆಯ ಮೊದಲ ಗುತ್ತಿಗೆಯ ದರಕ್ಕಿಂತ ಇದು ಶೇ 14.8 ಹೆಚ್ಚು, ಎರಡೂ ಗುತ್ತಿಗೆ ಸೇರಿದ ಗರಿಷ್ಠ ಮಿತಿಗಿಂತ ಶೇ 14.1 ಕಡಿಮೆ. ಆಸನದ ಬೆಲೆಯನ್ನೇ ಮಾನದಂಡ ಮಾಡಿಕೊಂಡರೆ ಎರಡು ನಗರಗಳ ನಡುವೆ ಗೆದ್ದವರು ಯಾರೆಂದು ಹೇಳುವುದು ಕಷ್ಟ.

ಸಮಯದ ಲೆಕ್ಕದಲ್ಲಿ ಆ ಗೊಂದಲವಿಲ್ಲ. ಡಯಾಮ್ನಿಯಾಡಿಯೊದಲ್ಲಿ 2020ರ ಫೆಬ್ರುವರಿ 20ರಂದು ಅಡಿಗಲ್ಲು, 2022ರ ಫೆಬ್ರುವರಿ 22ರಂದು ಉದ್ಘಾಟನೆ: 24 ತಿಂಗಳು, ಅದೂ ಕೋವಿಡ್ ವರ್ಷಗಳಲ್ಲಿ. ಕಟ್ಟಿದ್ದು ಟರ್ಕಿಯ ಸುಮ್ಮಾ ಸಂಸ್ಥೆ. ಒಲೆಂಬೆ ತೆಗೆದುಕೊಂಡ ಅವಧಿ ಇದರ 2.8 ಪಟ್ಟು. ಸಾಲದ ಹಣದಲ್ಲಿ ಕಟ್ಟುವಾಗ ಹೆಚ್ಚುವರಿ 44 ತಿಂಗಳಿಗೆ ಬಡ್ಡಿ ಬರುತ್ತದೆ, ಆದಾಯ ಬರುವುದಿಲ್ಲ. ಆಸನದ ಬೆಲೆಯಲ್ಲಿ ಈ ಮೊತ್ತ ಕಾಣುವುದೇ ಇಲ್ಲ.

ಇನ್ನೊಂದು ಅಂತರ 57 ದಿನಗಳದ್ದು. ಡಾಕರ್‌ನಿಂದ ಡಯಾಮ್ನಿಯಾಡಿಯೊವರೆಗಿನ 36 ಕಿಲೋಮೀಟರ್‌ನ ಪ್ರಾದೇಶಿಕ ಎಕ್ಸ್‌ಪ್ರೆಸ್ ರೈಲುಮಾರ್ಗ ಉದ್ಘಾಟನೆಯಾದದ್ದು 2021ರ ಡಿಸೆಂಬರ್ 27ರಂದು. ಕ್ರೀಡಾಂಗಣ ತೆರೆದದ್ದು ಅದಾಗಿ 57 ದಿನಕ್ಕೆ. ಊರಾಚೆ ಕಟ್ಟಿದ ಕ್ರೀಡಾಂಗಣಕ್ಕೆ ಜನ ಹೋಗಿಬರುವ ದಾರಿ ಮೊದಲೇ ಇತ್ತು. ರೈಲಿನ ವೆಚ್ಚ ಕ್ರೀಡಾಂಗಣದ ಲೆಕ್ಕದಲ್ಲಿ ಸೇರಿಲ್ಲ, ಸೇರಿಸಬೇಕಾಗಿಯೂ ಇಲ್ಲ, ಏಕೆಂದರೆ ಅದು ವರ್ಷದ 365 ದಿನವೂ ಓಡುವ ಸೇವೆ. ಕ್ರೀಡಾಂಗಣಕ್ಕೆ ಅದು ಪುಕ್ಕಟೆ ಸಿಕ್ಕ ಲಾಭ.

ಯಾವುಂಡೆಯ ಲೆಕ್ಕದಲ್ಲಿ ನಗರದ ಒಟ್ಟು ಆಸನಗಳನ್ನೂ ನೋಡಬೇಕು. ಒಲೆಂಬೆಯ 60,000ಕ್ಕೆ ಅಹ್ಮದು ಅಹಿಜೊದ 42,500 ಸೇರಿಸಿದರೆ 1,02,500. ಆಫ್ರಿಕಾ ಕಪ್‌ಗೆ ಬಳಸಿದ ಇತರ ನಾಲ್ಕು ಕ್ರೀಡಾಂಗಣಗಳಲ್ಲಿ, ಡುವಾಲಾದ ಜಪೋಮಾ 50,000, ಗರುವಾ 30,000, ಲಿಂಬೆ ಮತ್ತು ಬಫುಸಾಂ ತಲಾ 20,000. ಆರೂ ಸೇರಿ 2,22,500. ಅದರಲ್ಲಿ ರಾಜಧಾನಿಯ ಪಾಲು ಶೇ 46. ಸುಮಾರು 40 ಲಕ್ಷ ಜನರ ನಗರದಲ್ಲಿ 39 ಜನರಿಗೆ ಒಂದು ಆಸನ. ಈ ಪ್ರಮಾಣದ ಆಸನಗಳನ್ನು ತುಂಬಿಸುವ ಕೆಲಸ ಟೂರ್ನಿ ಮುಗಿದ ಮೇಲೆ ದೇಶೀಯ ಲೀಗ್‌ನ ಹೆಗಲಿಗೆ ಬೀಳುತ್ತದೆ.

24 ಜನವರಿ 2022

ಒಲೆಂಬೆಯ ಬಗ್ಗೆ ಹೊರದೇಶಗಳಲ್ಲಿ ಹೆಚ್ಚು ಜನರಿಗೆ ಗೊತ್ತಿರುವ ಅಂಕಿ 8. ಕ್ಯಾಮರೂನ್ ಮತ್ತು ಕೊಮೊರೊಸ್ ನಡುವಿನ ಹದಿನಾರರ ಘಟ್ಟದ ಪಂದ್ಯಕ್ಕೆ ಮುನ್ನ ದಕ್ಷಿಣ ಬಾಗಿಲಲ್ಲಿ ಕಾಲ್ತುಳಿತವಾಗಿ ಎಂಟು ಜನ ಸತ್ತರು, 38 ಜನ ಗಾಯಗೊಂಡರು ಎಂದು ಸರ್ಕಾರ ಹೇಳಿತು. ಸತ್ತವರಲ್ಲಿ ಮಗುವೂ ಇತ್ತು.

ಆ ಸಂಜೆಯ ಬೇರೆ ಮೂರು ಅಂಕಿಗಳನ್ನು ಪಕ್ಕಪಕ್ಕ ಇಡಬೇಕು. ಆಸನ 60,000. ಕೋವಿಡ್ ನಿಯಮದಂತೆ ಕ್ಯಾಮರೂನ್ ಆಡುವ ಪಂದ್ಯಗಳಿಗೆ ಶೇ 80ರಷ್ಟು ಪ್ರವೇಶವಿತ್ತು (ಉಳಿದ ಪಂದ್ಯಗಳಿಗೆ ಶೇ 60), ಅಂದರೆ 48,000. ಒಳಹೋಗಲು ಬಂದಿದ್ದವರು ಸುಮಾರು 50,000 ಎಂದು ಅಧಿಕಾರಿಗಳು ಹೇಳಿದರು. ಬಂದವರಿಗೂ ಮಿತಿಗೂ ಇದ್ದ ಅಂತರ ಶೇ 4ರಷ್ಟು. ಬಂದವರು ಒಟ್ಟು ಆಸನಗಳ ಶೇ 83. ಸ್ಥಳದ ಕೊರತೆಯಿಂದ ಆದ ಸಾವುಗಳು ಇವಲ್ಲ ಎಂದು ಈ ಅಂಕಿಗಳೇ ಹೇಳುತ್ತವೆ. ತೆರೆದಿರಬೇಕಿದ್ದ ಬಾಗಿಲು ಏಕೆ ಮುಚ್ಚಿತ್ತು ಎಂದು ಸಿಎಎಫ್ ಅಧ್ಯಕ್ಷ ಪ್ಯಾಟ್ರಿಸ್ ಮೊಟ್ಸೆಪೆ ಮರುದಿನ ಬಹಿರಂಗವಾಗಿ ಪ್ರಶ್ನಿಸಿದರು.

ಬಾಗಿಲಿಗೂ ಒಂದು ಲೆಕ್ಕವಿದೆ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿಯ ಪ್ರಕಾರ ಒಂದು ಟರ್ನ್‌ಸ್ಟೈಲ್ ಮೂಲಕ ಗಂಟೆಗೆ 660ಕ್ಕಿಂತ ಹೆಚ್ಚು ಜನ ಹೋಗುತ್ತಾರೆಂದು ಲೆಕ್ಕ ಹಿಡಿಯುವಂತಿಲ್ಲ. ಟರ್ನ್‌ಸ್ಟೈಲ್ ಎಂದರೆ ಒಬ್ಬೊಬ್ಬರನ್ನೇ ಒಳಬಿಡುವ ತಿರುಗುವ ಗೇಟು. 48,000 ಜನ ಒಂದು ಗಂಟೆಯಲ್ಲಿ ಒಳಹೋಗಬೇಕಾದರೆ ಇಂಥ 73 ಗೇಟು ಬೇಕು, ಎರಡು ಗಂಟೆಯಲ್ಲಾದರೆ 37. ಆ ಟೂರ್ನಿಯಲ್ಲಿ ಪ್ರತಿಯೊಬ್ಬರ ಟಿಕೆಟ್ ಜೊತೆಗೆ ಲಸಿಕೆ ಪ್ರಮಾಣಪತ್ರ ಮತ್ತು ಕೋವಿಡ್ ಪರೀಕ್ಷೆಯ ಫಲಿತಾಂಶವನ್ನೂ ನೋಡಬೇಕಿತ್ತು. ಅದರಿಂದ ವೇಗ ಅರ್ಧಕ್ಕೆ ಇಳಿಯಿತು ಎಂದುಕೊಂಡರೆ ಎರಡು ಗಂಟೆಗೂ 73 ಗೇಟು ಬೇಕಾಗುತ್ತದೆ. ಈ ಸ್ಥಿತಿಯಲ್ಲಿ ಒಂದು ದಿಕ್ಕಿನ ಬಾಗಿಲು ಮುಚ್ಚಿದರೆ ಅಲ್ಲಿಗೆ ಬಂದ ಸಾಲು ಎಲ್ಲೂ ಹೋಗುವುದಿಲ್ಲ, ಹಿಂದಿನಿಂದ ಬೆಳೆಯುತ್ತಲೇ ಇರುತ್ತದೆ. ಗೇಟು, ಅದನ್ನು ನಡೆಸುವ ಸಿಬ್ಬಂದಿ, ಅವರ ತರಬೇತಿ ಇವೆಲ್ಲ 16,300 ಕೋಟಿಯ ಮುಂದೆ ಸಣ್ಣ ಬಾಬತ್ತುಗಳು. ಉದ್ಘಾಟನೆಯ ಫಲಕದಲ್ಲಿ ಅವು ಬರುವುದಿಲ್ಲ.

ಘಟನೆಯ ನಂತರ ಜನವರಿ 30ರ ಈಜಿಪ್ಟ್–ಮೊರೊಕ್ಕೊ ಕ್ವಾರ್ಟರ್ ಫೈನಲ್ ಪಂದ್ಯವನ್ನು ಒಲೆಂಬೆಯಿಂದ ಅಹ್ಮದು ಅಹಿಜೊಗೆ ವರ್ಗಾಯಿಸಲಾಯಿತು. ಸೆಮಿಫೈನಲ್ ಮತ್ತು ಫೈನಲ್ ಒಲೆಂಬೆಗೆ ಮರಳಿದವು. ಟೂರ್ನಿಯ 52 ಪಂದ್ಯಗಳಲ್ಲಿ ಒಲೆಂಬೆಯಲ್ಲಿ ನಡೆದದ್ದು 8, ಶೇ 15.4. ಎರಡು ದಿನ ತಲಾ ಎರಡು ಪಂದ್ಯ ಇದ್ದುದರಿಂದ ಬಳಕೆಯಾದ ದಿನಗಳು 6.

ಛೇದದಲ್ಲಿ ದಿನ

ಈಗ ಭಾಗಾಕಾರವನ್ನು ಬದಲಿಸೋಣ. 16,300 ಕೋಟಿ ಫ್ರಾಂಕನ್ನು 30 ವರ್ಷಗಳಿಗೆ ಸಮನಾಗಿ ಹಂಚಿದರೆ ವರ್ಷಕ್ಕೆ 543.3 ಕೋಟಿ. ಇದಕ್ಕೆ ಸವಕಳಿ ಎನ್ನುತ್ತಾರೆ: ಕಟ್ಟಡದ ಆಯುಷ್ಯದಲ್ಲಿ ಆಯಾ ವರ್ಷ ಸವೆದುಹೋದ ಮೌಲ್ಯ. ವರ್ಷಕ್ಕೆ 20 ದಿನ ಪಂದ್ಯ, ದಿನಕ್ಕೆ ಸರಾಸರಿ 30,000 ಪ್ರೇಕ್ಷಕರು ಎಂದು ಇಟ್ಟುಕೊಳ್ಳಿ. ಇವು ನನ್ನ ಊಹೆಯ ಅಂಕಿಗಳು, ಕೈಬಿಚ್ಚಿಯೇ ಹಿಡಿದಿದ್ದೇನೆ. ಆಗ ವರ್ಷಕ್ಕೆ 6 ಲಕ್ಷ ಪ್ರವೇಶ, ಪ್ರತಿ ಪ್ರವೇಶಕ್ಕೆ ಸವಕಳಿ 9,056 ಫ್ರಾಂಕ್, ಸುಮಾರು 1,240 ರೂಪಾಯಿ. 2022ರ ಜನವರಿಯಲ್ಲಿ ಕ್ಯಾಮರೂನಿನ ಕನಿಷ್ಠ ಮಾಸಿಕ ವೇತನ 36,270 ಫ್ರಾಂಕ್ ಇತ್ತು. ಒಬ್ಬ ಪ್ರೇಕ್ಷಕ ಒಂದು ಸಲ ಒಳಹೋದರೆ ಕಟ್ಟಡ ಸವೆಯುವ ಮೌಲ್ಯ ಆ ವೇತನದ ಶೇ 25.

ಬಳಕೆಯ ದಿನಗಳನ್ನು 40ಕ್ಕೆ ಏರಿಸಿದರೆ ಇದು 4,528 ಫ್ರಾಂಕಿಗೆ ಇಳಿಯುತ್ತದೆ. ಆಫ್ರಿಕಾ ಕಪ್‌ನಂತೆ ವರ್ಷಕ್ಕೆ 6 ದಿನವಷ್ಟೇ ಆದರೆ 30,185 ಫ್ರಾಂಕ್, ಕನಿಷ್ಠ ವೇತನದ ಶೇ 83. ಗುತ್ತಿಗೆಯ ಚೌಕಾಸಿಯಲ್ಲಿ ಆಸನದ ಬೆಲೆಯನ್ನು ಶೇ 10 ಇಳಿಸಿದ್ದರೆ 20 ದಿನಗಳ ಲೆಕ್ಕದಲ್ಲಿ ಉಳಿಯುತ್ತಿದ್ದದ್ದು ಪ್ರವೇಶಕ್ಕೆ 906 ಫ್ರಾಂಕ್. ವರ್ಷಕ್ಕೆ 20ರ ಬದಲು 23 ದಿನ ಬಳಸಿದರೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ: 1,181 ಫ್ರಾಂಕ್. ಮೂರು ದಿನದ ಹೆಚ್ಚುವರಿ ಬಳಕೆ 1,630 ಕೋಟಿ ಫ್ರಾಂಕಿನ ರಿಯಾಯಿತಿಯನ್ನು ಮೀರಿಸುತ್ತದೆ.

ನಿರ್ವಹಣೆ ಇನ್ನೂ ಸೇರಿಲ್ಲ. ಹುಲ್ಲು, ನೀರು, ವಿದ್ಯುತ್, ಕಾವಲು, ದುರಸ್ತಿಗೆ ನಿರ್ಮಾಣ ವೆಚ್ಚದ ಶೇ 2 ಎಂದು ಹಿಡಿದರೆ ವರ್ಷಕ್ಕೆ 326 ಕೋಟಿ ಫ್ರಾಂಕ್. ಸವಕಳಿ ಸೇರಿ 869.3 ಕೋಟಿ. ಇದರ ಎದುರು ಆದಾಯ ಇಡೋಣ: 6 ಲಕ್ಷ ಪ್ರವೇಶಕ್ಕೆ ತಲಾ 3,000 ಫ್ರಾಂಕ್ ಟಿಕೆಟ್ ಎಂದರೆ 180 ಕೋಟಿ. ಅದು ಒಟ್ಟು ವಾರ್ಷಿಕ ವೆಚ್ಚದ ಶೇ 20.7. ಸವಕಳಿಯನ್ನು ಮರೆತು ನಿರ್ವಹಣೆಯನ್ನಷ್ಟೇ ನೋಡಿದರೂ ಶೇ 55. ಟಿಕೆಟ್ ದರ ಏರಿಸಿ ಈ ಅಂತರ ತುಂಬುವಂತಿಲ್ಲ. ನಿರ್ವಹಣೆಯ ಮಟ್ಟಿಗೆ ಸರಿದೂಗಿಸಲೇ 5,433 ಫ್ರಾಂಕ್ ಬೇಕು, ಅದು ಕನಿಷ್ಠ ವೇತನದ ಶೇ 15.

ವರ್ಷದ 365 ದಿನಗಳಲ್ಲಿ 20 ದಿನ ಕಳೆದರೆ 345. ಬಹುಬಳಕೆಯ ಯೋಜನೆ ಹಣ ಹುಟ್ಟಿಸಬೇಕಾದದ್ದು ಆ 345 ದಿನಗಳಲ್ಲಿ, ಹೋಟೆಲ್, ಅಂಗಡಿ, ಈಜುಕೊಳ, ಸಿನಿಮಾಗಳ ಮೂಲಕ. 2022ರ ಜನವರಿಯಲ್ಲಿ ಟೂರ್ನಿ ಆರಂಭವಾದಾಗ ಮುಗಿದಿದ್ದದ್ದು ಮುಖ್ಯ ಕ್ರೀಡಾಂಗಣ. ಹೋಟೆಲ್ ಮತ್ತು ವಾಣಿಜ್ಯ ಭಾಗಗಳು ಅಪೂರ್ಣವಾಗಿದ್ದವು. ಗಡುವು ಇದ್ದದ್ದು ಪಂದ್ಯಕ್ಕೆ, ಹೋಟೆಲ್‌ಗೆ ಗಡುವು ಇರಲಿಲ್ಲ. ಆದ್ದರಿಂದ ಖರ್ಚು ತರುವ ಕಟ್ಟಡ ಮೊದಲು ಮುಗಿದು, ಆದಾಯ ತರುವ ಕಟ್ಟಡಗಳು ಹಿಂದೆ ಉಳಿದವು. ಒಲೆಂಬೆಯ ಲೆಕ್ಕದಲ್ಲಿ ನನಗೆ ಕಾಣುವ ಅತಿ ದುಬಾರಿ ತೀರ್ಮಾನ ಇದೇ, ಇದನ್ನು ಯಾರೂ ತೀರ್ಮಾನವಾಗಿ ತೆಗೆದುಕೊಂಡಿರಲಾರರು.

ತಂಡ ಎಲ್ಲಿ ಆಡುತ್ತದೆ

ಬಳಕೆಯ ದಿನಗಳನ್ನು ಅಳೆಯಲು ಸುಲಭ ದಾರಿ ರಾಷ್ಟ್ರೀಯ ತಂಡದ ತವರು ಪಂದ್ಯಗಳು. ಒಲೆಂಬೆಯಲ್ಲಿ ಫೈನಲ್ ಮುಗಿದ 47ನೇ ದಿನ, 2022ರ ಮಾರ್ಚ್ 25ರಂದು, ಕ್ಯಾಮರೂನ್ ವಿಶ್ವಕಪ್ ಪ್ಲೇಆಫ್‌ನಲ್ಲಿ ಅಲ್ಜೀರಿಯಾವನ್ನು ಎದುರಿಸಿದ್ದು ಡುವಾಲಾದ ಜಪೋಮಾದಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ಬುರುಂಡಿ ವಿರುದ್ಧದ ಪಂದ್ಯ ಗರುವಾದಲ್ಲಿ, ನವೆಂಬರ್‌ನಲ್ಲಿ ಮಾರಿಷಸ್ ವಿರುದ್ಧದ್ದು ಮತ್ತೆ ಜಪೋಮಾದಲ್ಲಿ. 2024ರ ಜೂನ್‌ನಲ್ಲಿ ಕೇಪ್ ವರ್ಡೆ, ಅಕ್ಟೋಬರ್‌ನಲ್ಲಿ ಕೆನ್ಯಾ ಯಾವುಂಡೆಗೇ ಬಂದವು, ಆದರೆ ಆಡಿದ್ದು ಅಹ್ಮದು ಅಹಿಜೊದಲ್ಲಿ. ಒಂದೇ ನಗರದಲ್ಲಿ 60,000 ಆಸನದ ಹೊಸ ಕ್ರೀಡಾಂಗಣ ಇದ್ದೂ ಅರ್ಧ ಶತಮಾನ ಹಳೆಯ, 42,500 ಆಸನದ ಕ್ರೀಡಾಂಗಣಕ್ಕೆ ಪಂದ್ಯ ಹೋಯಿತು. ಒಲೆಂಬೆ ನಗರಕೇಂದ್ರದಿಂದ ಹನ್ನೆರಡು ಹದಿಮೂರು ಕಿಲೋಮೀಟರ್ ಹೊರಗಿದೆ ಎಂಬುದನ್ನೂ ಇಲ್ಲಿ ಗಮನಿಸಬೇಕು.

ನೈಜೀರಿಯಾದ ರಾಜಧಾನಿ ಅಬುಜಾದಲ್ಲಿ ಇದೇ ಅಂಕಿ ಇನ್ನೂ ಸ್ಪಷ್ಟ. ಅಲ್ಲಿನ ರಾಷ್ಟ್ರೀಯ ಕ್ರೀಡಾಂಗಣದಲ್ಲಿ 60,491 ಆಸನಗಳಿವೆ. 2019ರಿಂದ ಅದಕ್ಕೆ ಮೋಶೂದ್ ಅಬಿಯೋಲಾ ಹೆಸರು. 2003ರ ಅಖಿಲ ಆಫ್ರಿಕಾ ಕ್ರೀಡಾಕೂಟಕ್ಕೆ ಕಟ್ಟಿದ ಆ ಸಂಕೀರ್ಣ ಮತ್ತು ಆಟಗಾರರ ವಸತಿ ಗ್ರಾಮ ಸೇರಿ ವೆಚ್ಚ 36 ಕೋಟಿ ಡಾಲರ್, ಮೇಲೆ ಹಿಡಿದ ದರದಲ್ಲಿ 3,060 ಕೋಟಿ ರೂಪಾಯಿ. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ 2003ರಲ್ಲಿ ಸರಾಸರಿ 184.0, 2022ರಲ್ಲಿ 292.7, ಅದರಂತೆ ಹಿಗ್ಗಿಸಿದರೆ 2022ರ ಬೆಲೆಯಲ್ಲಿ ಸುಮಾರು 57 ಕೋಟಿ ಡಾಲರ್. ವಸತಿ ಗ್ರಾಮವೂ ಸೇರಿರುವುದರಿಂದ ಇದನ್ನು ಆಸನಕ್ಕೆ ಭಾಗಿಸಲು ಹೋಗುವುದಿಲ್ಲ. 2026ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ನೈಜೀರಿಯಾಕ್ಕೆ 5 ತವರು ಪಂದ್ಯ ಇದ್ದವು. ಐದೂ ನಡೆದದ್ದು ದಕ್ಷಿಣದ ಉಯೊ ನಗರದಲ್ಲಿ, 30,000 ಆಸನದ ಕ್ರೀಡಾಂಗಣದಲ್ಲಿ. ರಾಜಧಾನಿಯ ಪಾಲು ಸೊನ್ನೆ.

ಅಬುಜಾದ ಮೈದಾನದ ದುರಸ್ತಿಗೆ ಉದ್ಯಮಿ ಅಲಿಕೊ ಡಾಂಗೊಟೆ ನೆರವಾದಾಗ ಆ ಕೆಲಸದ ಅಂದಾಜು 10 ಲಕ್ಷ ಡಾಲರ್ ಇತ್ತು. ಅದು ಮೂಲ ವೆಚ್ಚದ ಶೇ 0.28. ವರ್ಷಕ್ಕೆ ಶೇ 2ರ ನಿರ್ವಹಣೆಯ ಲೆಕ್ಕದಲ್ಲಿ 36 ಕೋಟಿ ಡಾಲರ್‌ಗೆ ಬರುವುದು 72 ಲಕ್ಷ ಡಾಲರ್. ದಾನದ ಮೊತ್ತ ಅಂಥ ಸುಮಾರು 51 ದಿನಗಳ ವೆಚ್ಚ.

ಸೆನೆಗಲ್‌ಗೂ ಅದೇ ಸುತ್ತಿನಲ್ಲಿ 5 ತವರು ಪಂದ್ಯ. ಐದೂ ಡಯಾಮ್ನಿಯಾಡಿಯೊದಲ್ಲಿ ನಡೆದವು. ಆಸನದ ಬೆಲೆಯಲ್ಲಿ ಒಲೆಂಬೆಗಿಂತ ಶೇ 14.8 ತುಟ್ಟಿ ಎನಿಸಿದ್ದ ಕ್ರೀಡಾಂಗಣ ಬಳಕೆಯ ಈ ಲೆಕ್ಕದಲ್ಲಿ ಮೊದಲ ಸಾಲಿಗೆ ಬರುತ್ತದೆ. 2026ರ ಅಕ್ಟೋಬರ್ 31ರಿಂದ ನವೆಂಬರ್ 13ರವರೆಗೆ ನಿಗದಿಯಾದ ಯುವ ಒಲಿಂಪಿಕ್ಸ್ ಕೂಡ ಡಾಕರ್‌ನದು. ಹಾಗೆಂದು ಐದು ಪಂದ್ಯಗಳಿಂದ 15,600 ಕೋಟಿ ಫ್ರಾಂಕ್ ತೀರುವುದಿಲ್ಲ. ಅರ್ಹತಾ ಸುತ್ತು ನಡೆದದ್ದು ಎರಡು ವರ್ಷಗಳ ಕಾಲ, ಅಂದರೆ ಆ ಸುತ್ತಿನಿಂದ ವರ್ಷಕ್ಕೆ ಎರಡೂವರೆ ದಿನ.

ಕಿಗಾಲಿಯ ಲೆಕ್ಕ, ನೈರೋಬಿಯ ಸಾಲ

ರುವಾಂಡದ ಕಿಗಾಲಿ ಹೊಸದನ್ನು ಕಟ್ಟದೆ ಇದ್ದುದನ್ನೇ ಬೆಳೆಸಿತು. ಅಮಹೊರೊ ಕ್ರೀಡಾಂಗಣದ ಆಸನಗಳು 25,000ದಿಂದ 45,508ಕ್ಕೆ ಏರಿದವು, ವೆಚ್ಚ ಸುಮಾರು 16.5 ಕೋಟಿ ಡಾಲರ್, 1,400 ಕೋಟಿ ರೂಪಾಯಿ. 2024ರ ಜುಲೈ 1ರಂದು ಮತ್ತೆ ತೆರೆಯಿತು. ಒಟ್ಟು ಆಸನಗಳಿಗೆ ಭಾಗಿಸಿದರೆ ಒಂದಕ್ಕೆ 3,626 ಡಾಲರ್, ಐದು ನಗರಗಳಲ್ಲಿ ಅಗ್ಗದ ಸಾಲಿಗೆ ಸೇರುತ್ತದೆ. ಹೊಸದಾಗಿ ಸೇರಿದ 20,508 ಆಸನಗಳಿಗಷ್ಟೇ ಭಾಗಿಸಿದರೆ 8,046 ಡಾಲರ್. ಹಳೆಯ ಆಸನಗಳಿಗೂ ಚಾವಣಿ ಬಂದಿದೆ, ಆದ್ದರಿಂದ ಸತ್ಯ ಎರಡರ ನಡುವೆ ಎಲ್ಲೋ ಇದೆ. ಭಾಗಾಕಾರ ಎಷ್ಟು ಸುಲಭಕ್ಕೆ ಬಾಗುತ್ತದೆ ಎಂಬುದಕ್ಕಾಗಿ ಈ ಉದಾಹರಣೆ.

ಕೆನ್ಯಾದ ನೈರೋಬಿಯಲ್ಲಿ 2027ರ ಆಫ್ರಿಕಾ ಕಪ್‌ಗಾಗಿ ಕೈಗೆತ್ತಿಕೊಂಡ ತಲಾಂಟಾ ಕ್ರೀಡಾಂಗಣದ ಆಸನಗಳೂ 60,000. ಹಣ ಬಂದ ದಾರಿ ಮಾತ್ರ ಬೇರೆ: 4,479 ಕೋಟಿ ಶಿಲ್ಲಿಂಗ್‌ನ 15 ವರ್ಷದ ಬಾಂಡ್, ವಾರ್ಷಿಕ ಆದಾಯ ದರ ಶೇ 15.04. ಬಾಂಡ್ ಎಂದರೆ ಹೂಡಿಕೆದಾರರಿಂದ ನೇರವಾಗಿ ಎತ್ತುವ ಸಾಲಪತ್ರ. ತೀರುವಳಿಗೆ ಮೂಲ, ಕ್ರೀಡೆ ಮತ್ತು ಕಲೆಗಳಿಗಾಗಿ ಸರ್ಕಾರ ಇಟ್ಟಿರುವ ನಿಧಿ. ಆಸನವೊಂದಕ್ಕೆ 7.47 ಲಕ್ಷ ಶಿಲ್ಲಿಂಗ್. ಶಿಲ್ಲಿಂಗ್‌ಗೆ 65 ಪೈಸೆಯಂತೆ 4.85 ಲಕ್ಷ ರೂಪಾಯಿ. ಒಲೆಂಬೆಯ ಗರಿಷ್ಠ ಮಿತಿಗೆ ಇದು ಸಮೀಪ.

ಪೂರ್ತಿ ಅಸಲು ಬಾಕಿ ಇರುವ ವರ್ಷದಲ್ಲಿ ಶೇ 15.04ರ ದರಕ್ಕೆ ಬಡ್ಡಿ 673.6 ಕೋಟಿ ಶಿಲ್ಲಿಂಗ್. ದಿನಕ್ಕೆ 1.85 ಕೋಟಿ. ಆಸನವೊಂದಕ್ಕೆ ದಿನಕ್ಕೆ 308 ಶಿಲ್ಲಿಂಗ್, ಸುಮಾರು 200 ರೂಪಾಯಿ. ಯಾವುಂಡೆಗೆ ಹಿಡಿದ ಅದೇ 20 ದಿನ, 30,000 ಪ್ರೇಕ್ಷಕರ ಲೆಕ್ಕ ಹಾಕಿದರೆ ಒಂದು ಪ್ರವೇಶದ ಮೇಲೆ ಬಡ್ಡಿಯ ಭಾರವೊಂದೇ 11,227 ಶಿಲ್ಲಿಂಗ್, ಸುಮಾರು 7,300 ರೂಪಾಯಿ. ಸವಕಳಿ ಮತ್ತು ನಿರ್ವಹಣೆ ಇದರ ಹೊರಗೆ. 2027ರ ಟೂರ್ನಿಯಲ್ಲೂ 24 ತಂಡ, 52 ಪಂದ್ಯ. ಅವನ್ನು ಕೆನ್ಯಾ, ಉಗಾಂಡಾ, ತಾಂಜಾನಿಯಾ ಮೂರೂ ಹಂಚಿಕೊಳ್ಳಬೇಕು. ಕ್ಯಾಮರೂನ್ ಒಂದೇ ಆತಿಥೇಯ ದೇಶವಾಗಿದ್ದಾಗ ಒಲೆಂಬೆಗೆ ಸಿಕ್ಕದ್ದು ಎಂಟು.